ಅಕ್ಕೋರ ದುರ್ಬೀನು

ತೊಂಬತ್ತರ ದಶಕದ ಕೊನೆಗೆ ನಾನು ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಮುದ್ದೇಬಿಹಾಳದಲ್ಲಿ, ಮನೆಯಲ್ಲಿ ನಾನು, ಅವ್ವ ಇಬ್ಬರೇ. ಒಮ್ಮೆ ಸೊಲ್ಲಾಪುರಕ್ಕೆ ಮದುವೆಗೆ ಹೋದವಳು ಆಟಿಕೆ ಅಂಗಡಿಯಿಂದ ಅಗ್ಗದ ದುರ್ಬೀನೊಂದನ್ನು ತಂದೆ. ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಡಬ್ಬಿಯ ಮೇಲೆ ಬರೆದಿತ್ತು.

ಮರುದಿನವೇ ತರಗತಿಯಲ್ಲಿ ಜಂಬದಿಂದ ಹೇಳಿಕೊಂಡೆ. ಆ ಸಂಜೆ ಮಾಳಿಗೆ ಹತ್ತಿದರೆ ಅಷ್ಟು ದೊಡ್ಡ ಚಂದ್ರನೇ ಸಿಗಲಿಲ್ಲ. ಗುರಿ ಹಿಡಿಯಲೆಂದು ಮೇಲೆ ಕೂರಿಸಿದ್ದ ಪುಟ್ಟ ನಳಿಕೆ ಒಂದು ಕಡೆ ನೋಡಿದರೆ ದೊಡ್ಡ ನಳಿಕೆ ಇನ್ನೊಂದು ಕಡೆ ನೋಡುತ್ತಿತ್ತು. ಹೇಗೋ ಸಿಕ್ಕಿತೆಂದು ತಿರುಪು ಮುಟ್ಟಿದರೆ ಸ್ಟ್ಯಾಂಡಿನ ಮೂರೂ ಕಾಲು ನಡುಗಿ ಚಂದ್ರ ಜಾರಿಹೋಗುತ್ತಿದ್ದ. ಇನ್ನೂ ದೊಡ್ಡದಾಗಿ ಕಾಣಲೆಂದು ಕಣ್ಣಿಡುವ ಕಡೆಗೆ ಎಲ್ಲಕ್ಕಿಂತ ಸಣ್ಣ ಮಸೂರ ಹಾಕಿದೆ. ಮಜ್ಜಿಗೆಯೊಳಗೆ ಇಣುಕಿದಂತೆ ಬರೀ ಮಬ್ಬು. ಮೂರ್ನಾಲ್ಕು ದಿನ ಇದೇ ಪಾಡು.

"ಚಂದ್ರನ ಕುಳಿ ಕಂಡ್ವೇನ್ರಿ ಅಕ್ಕೋರ?" ಎಂದು ಹುಡುಗಿಯರು ಕೇಳಿದರು. "ಕಂಡ್ವು" ಎಂದುಬಿಟ್ಟೆ. ಸೀಮೆಸುಣ್ಣ ಹಿಡಿದು, ಪುಸ್ತಕದಲ್ಲಿದ್ದ ಕುಳಿಗಳನ್ನೇ ಕಣ್ಣಾರೆ ಕಂಡವಳಂತೆ ಹಲಗೆಯ ಮೇಲೆ ಬರೆದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಮನಸ್ಸು ಕಹಿಯಾಗಿತ್ತು.

ಪಕ್ಕದ ಮನೆಯಲ್ಲಿ ಆಲಮಟ್ಟಿ ಕಾಲುವೆ ಕೆಲಸದ ಸರ್ವೇಯರ್ ಒಬ್ಬರಿದ್ದರು. ಅಂದು ಸಂಜೆ ತಮ್ಮ ಮಾಳಿಗೆಯಿಂದಲೇ ಕೇಳಿದರು: "ಅಕ್ಕೋರ, ನಾನೂ ಒಂದೀಟು ನೋಡ್ಲೇನ್ರಿ?"

"ನನಗೇ ಏನೂ ಕಂಡಿಲ್ರಿ. ಸಾಲ್ಯಾಗ ಮಾತ್ರ ಕಂಡ್ವು ಅಂತ ಸುಳ್ಳು ಹೇಳಿ ಬಂದೇನಿ."

ಅವರು ನಗಲಿಲ್ಲ. "ಹಗಲಿನ್ಯಾಗ ಎರಡೂ ನಳಿಕಿ ಹೊಂದಿಸೀರೇನ್ರಿ?" ಎಂದರು.

ಹೊಂದಿಸಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಭಾನುವಾರ ಅವರು ಹೊತ್ತು ಮುಳುಗುವ ಮೊದಲೇ ಬಂದು, ದೂರದ ನೀರಿನ ಟಾಕಿಗೆ ದೊಡ್ಡ ನಳಿಕೆ ಹಿಡಿದು, ಚಿಕ್ಕದರಲ್ಲೂ ಅದೇ ಟಾಕಿ ನಟ್ಟನಡುವೆ ಬರುವವರೆಗೆ ತಿರುಪು ತಿರುಗಿಸಿದರು. ನಾನು ಇಣುಕಿದೆ.

"ಟಾಕಿ ತಲಿಕೆಳಗಾಗೇತಲ್ರಿ! ಕೆಟ್ಟೇತೇನು?"

"ಕೆಟ್ಟಿಲ್ರಿ. ನೆಲದ ಏರು-ತಗ್ಗು ಅಳಿಯೋ ನಮ್ಮ ಹಳೇ ಲೆವೆಲ್ ಯಂತ್ರದಾಗೂ ಹಿಂಗ ಕಾಣ್ತಿತ್ತು. ಕಾಲುವಿ ಉದ್ದಕ್ಕೂ ಊರೆಲ್ಲಾ ತಲಿಕೆಳಗ ನೋಡ್ಕೋಂತ ಬಂದಾಂವ ನಾನು."

ಸ್ಟ್ಯಾಂಡಿನ ಕಾಲು ಗಿಡ್ಡ ಮಾಡಿ, ನಡುವೆ ಕಲ್ಲು ತುಂಬಿದ ಕೈಚೀಲ ತೂಗುಹಾಕಿದರು. ಸಣ್ಣ ಮಸೂರ ತೆಗೆದು ದೊಡ್ಡದನ್ನು ಹಾಕಿಸಿದರು. "ಐನೂರು ಪಟ್ಟಿನ ಆಸೆ ಬಿಡ್ರಿ. ಸಣ್ಣದಾದ್ರೂ ಚಲೋ ಕಾಣಲಿ."

ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಅರ್ಧ ಚಂದ್ರ ನಳಿಕೆಯೊಳಗೆ ಬಂದು ಅಲುಗದೆ ನಿಂತ. ಬೆಳಕು ಕತ್ತಲು ಕೂಡುವ ಅಂಚಿನಲ್ಲಿ ಕುಳಿಗಳು, ಒಂದೊಂದರೊಳಗೂ ಅದರದೇ ನೆರಳು. ಉಸಿರು ಬಿಟ್ಟರೆ ಹೋದೀತೆಂದು ಹಾಗೇ ನಿಂತಿದ್ದೆ. ಆಮೇಲೆ ಅವ್ವನನ್ನು ಕೂಗಿ ಕರೆದೆ. ಅವಳು ಬಹಳ ಹೊತ್ತು ನೋಡಿದಳು.

"ಬೂದಿ ಮ್ಯಾಲ ಮಳಿ ಹನಿ ಬಿದ್ದಂಗೈತಲ್ಲವಾ" ಎಂದಳು.

ಸೋಮವಾರ ತರಗತಿಯಲ್ಲಿ ಮೊದಲು ಸುಳ್ಳನ್ನು ಒಪ್ಪಿಕೊಂಡೆ. ಆಮೇಲೆ ಭಾನುವಾರ ಕಂಡದ್ದನ್ನು ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಈಗ ಕಂಡದ್ದಾದ್ರೂ ಖರೇನ್ರಿ ಅಕ್ಕೋರ?" ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮರುದಿನ ದುರ್ಬೀನನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ಹೋದೆ. ಸಂಜೆ ಮೈದಾನದಲ್ಲಿ ಮೊದಲು ಅವಳನ್ನೇ ಕರೆದೆ.