ಇದು ಪೊರಕೆ ಅಲ್ಲ ಕಣೇ

ನಮ್ಮ ಮನೆ ಓನರ್ ಉಡುತ್ತಿದ್ದ ಬಿಳಿ ಪಂಚೆಯ ಮೇಲೆ, ಮೊಣಕಾಲು ಬರುವ ಜಾಗದಲ್ಲಿ, ಸದಾ ಎರಡು ಕೆಂಪು ಕಲೆಗಳಿರುತ್ತಿದ್ದವು. ಎಷ್ಟು ಒಗೆದರೂ ಹೋಗದ ಕಲೆಗಳು. ಮನೆಯ ನೆಲ ಹಳೆಯ ರೆಡ್ ಆಕ್ಸೈಡ್. ಅವರೋ ದಿನದ ಅರ್ಧ ಹೊತ್ತು ಆ ನೆಲದ ಮೇಲೆ ಮಂಡಿಯೂರಿ, ಸೋಫಾದ ಅಡಿಗೋ ಬೀರುವಿನ ಸಂದಿಗೋ ಒಂದು ಪೈಪು ತೂರಿಸಿಕೊಂಡು ಇರುತ್ತಿದ್ದರು. ತ್ಯಾಗರಾಜನಗರದ ಆ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಿಕೊಂಡು ನಾನು ಹೋದ ದಿನ ನನಗೆ ಮೊದಲು ಕಂಡದ್ದು ಆ ಕಲೆಗಳೇ. ಯಾರೋ ಮಹಾ ಭಕ್ತರಿರಬೇಕು, ದೇವರಿಗೆ ಅಡ್ಡಬಿದ್ದೂ ಬಿದ್ದೂ ಪಂಚೆ ಹೀಗಾಗಿದೆ ಎಂದುಕೊಂಡೆ.

ಅವರು ನನ್ನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಮದುವೆ ಯಾಕೆ ಆಗಿಲ್ಲ ಎಂದು ಕೇಳಲಿಲ್ಲ. ನನ್ನ ಜಡೆಯನ್ನು ಒಮ್ಮೆ ನೋಡಿ, "ಏನಮ್ಮ, ಕೂದಲು ಉದುರತ್ತಾ?" ಎಂದರು. ಬೆಂಗಳೂರಿನಲ್ಲಿ ಯಾರ ಕೂದಲು ಉದುರುವುದಿಲ್ಲ? ಹೌದು ಎಂದೆ. "ಬಾಚ್ಕೊಂಡು ಮೇಲಿಂದ ಕೆಳಗೆ ಬಿಸಾಕ್ಬೇಡ. ಮೆಷಿನ್ ಬ್ರಷ್‌ಗೆ ಸುತ್ಕೊಂಡ್ರೆ ನನ್ನ ಒಂದು ಬೆಳಗ್ಗೆ ಅದಕ್ಕೇ ಹೋಗತ್ತೆ." ಬಾಡಿಗೆಗೆ ಅವರು ಹಾಕಿದ ಷರತ್ತು ಅದೊಂದೇ.

ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು ನಿವೃತ್ತರಾದವರು. ಬಾಯಿ ಜೋರು, ಹಟ ಅದಕ್ಕಿಂತ ಜೋರು. ತಾವು ಮಾಡಿದ್ದನ್ನು ಯಾರಾದರೂ ಹೊಗಳದಿದ್ದರೆ ತಾವೇ ಹೊಗಳಿಕೊಳ್ಳುವಷ್ಟು ಧಾರಾಳ. ಆಂಟಿ, ಅಂದರೆ ಅವರ ಹೆಂಡತಿ, ತೆಳ್ಳಗಿನ ಹೆಂಗಸು. ಮಾತು ಕಡಿಮೆ, ಆದರೆ ಆಡಿದ್ದು ನಾಟುತ್ತಿತ್ತು. ಮಕ್ಕಳಿರಲಿಲ್ಲ. ಆಂಟಿಗೆ ಹಳೆಯ ಉಬ್ಬಸ. ಅಂಕಲ್ ಅಷ್ಟು ಹೊತ್ತು ನೆಲದ ಮೇಲೆ ಕಳೆಯುತ್ತಿದ್ದದ್ದು ಅದಕ್ಕಾಗಿ.

ನಿವೃತ್ತಿಯಾದ ಹೊಸದರಲ್ಲಿ ಅಂಗಡಿಯಿಂದ ಒಂದು ವ್ಯಾಕ್ಯೂಮ್ ಕ್ಲೀನರ್ ತಂದರಂತೆ, ಹೊಟ್ಟೆಯೊಳಗೆ ಬಟ್ಟೆಯ ಚೀಲ ಇರುವಂಥದ್ದು. ಮನೆಯೆಲ್ಲ ಹೊಳೆಯಿತು. ಸಂಜೆಗೆ ಆಂಟಿಯ ಉಬ್ಬಸ ಇನ್ನಷ್ಟು ಜೋರಾಯಿತು. ಮಾರನೆಯ ಬೆಳಗ್ಗೆ ಕಿಟಕಿಯಿಂದ ಬಿದ್ದ ಬಿಸಿಲುಕೋಲಿನ ಮುಂದೆ ಮೆಷಿನ್ ಇಟ್ಟು ಓಡಿಸಿ ನೋಡಿದರೆ, ಅದರ ಬೆನ್ನಿನಿಂದ ನುಣ್ಣನೆಯ ಧೂಳು ಹೊಗೆಯ ಹಾಗೆ ಏಳುತ್ತಿತ್ತು. "ಮುಂದಿನಿಂದ ತಿಂದು ಹಿಂದಿನಿಂದ ಉಗುಳ್ತಾ ಇತ್ತಮ್ಮ, ಕಳ್ಳ ನನ್ಮಗಂದು" ಎಂದು ಈ ಕತೆಯನ್ನು ಅವರು ನನಗೆ ಹೇಳದ ತಿಂಗಳಿರಲಿಲ್ಲ.

ಆಮೇಲೆ ಶುರುವಾಯಿತು. ಖಾಲಿ ಪೇಂಟ್ ಡ್ರಮ್ಮಿಗೆ ನೀರು ತುಂಬಿ, ಧೂಳಿನ ಪೈಪಿನ ಬಾಯಿಯನ್ನು ನೀರಿನೊಳಗೆ ಮುಳುಗಿಸಿದರು. ಗಾಳಿ ಗುಳುಗುಳು ಎಂದು ಮೇಲೆ ಬರಬೇಕು, ಧೂಳು ನೀರಲ್ಲೇ ಉಳಿಯಬೇಕು. ಉಪಾಯ ಚೆನ್ನಾಗಿತ್ತು, ನೀರು ಜಾಸ್ತಿಯಾಗಿತ್ತು. ಮೋಟರು ನೀರು ಕುಡಿದು ಢಮ್ ಎಂದಿತು, ಮಹಡಿಯಲ್ಲಿ ನನ್ನ ಮಿಕ್ಸಿಯೂ ನಿಂತಿತು. ಚಟ್ನಿ ಅರ್ಧಕ್ಕೆ ಬಿಟ್ಟು ಕೆಳಗಿಳಿದು ನೋಡಿದರೆ ಹಾಲ್ ನೆಲದ ತುಂಬ ಕಪ್ಪು ನೀರು, ನಡುವೆ ಪಂಚೆ ಎತ್ತಿಕಟ್ಟಿ ನಿಂತ ಅಂಕಲ್. ಆಂಟಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಂತೂ ನೆಲ ತೊಳೆದ ಹಾಗಾಯ್ತು ಬಿಡಿ" ಎಂದರು.

ನೀರಿನ ಮಟ್ಟ ಸರಿಪಡಿಸಿದ ಮೇಲೆ ನೀರಿಗಿಂತ ಮೊದಲು ಇನ್ನೊಂದು ಹಂತ ಬೇಕೆನಿಸಿತು. ಕಾಟನ್‌ಪೇಟೆಯ ತಗಡಿನ ಅಂಗಡಿಯಲ್ಲಿ ಕೂತು ಆಲಿಕೆಯ ಆಕಾರದ ಒಂದು ಡಬ್ಬ ಮಾಡಿಸಿಕೊಂಡು ಬಂದರು. ಗಾಳಿ ಅದರೊಳಗೆ ಗಿರಗಿರನೆ ತಿರುಗುತ್ತದೆ, ದಪ್ಪ ಕಸ ಗೋಡೆಗೆ ಬಡಿದು ಕೆಳಗೆ ಜಾರುತ್ತದೆ. "ಇದು ಗಾಳಿ ಮೊರ ಕಣೇ. ನೀನು ಕೇರ್ತೀಯಲ್ಲ, ಹಂಗೇ" ಎಂದು ಆಂಟಿಗೆ ವಿವರಿಸಿದರು. ರೆಡ್ ಆಕ್ಸೈಡಿಗೆ ಗೀರು ಬೀಳದಿರಲೆಂದು ಮೆಷಿನ್ನಿನ ಬಾಯಿಗೆ ಆಂಟಿಯ ಹಳೆಯ ವಾಯಿಲ್ ಸೀರೆಯ ಅಂಚು ಹೊಲಿಸಿದರು. ಹೊಸಲಿನ ಸಂದಿಗೆ ಚಪ್ಪಟೆ ಬಾಯಿ ಬೇರೆ, ರುಬ್ಬುವ ಕಲ್ಲಿನ ಸುತ್ತ ಆಡಿಸಲು ಬಾಗಿದ ಬಾಯಿ ಬೇರೆ.

ಒಂದು ಭಾನುವಾರ ಮಧ್ಯಾಹ್ನ ಮಹಡಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಕೆಳಗೆ ಮೆಷಿನ್ ಎಂದಿನಂತೆ ಬೊಬ್ಬೆ ಹೊಡೆಯುತ್ತಿತ್ತು. ಅದರ ನಡುವೆ ಪಾತ್ರೆ ಬಿದ್ದ ಸದ್ದು, ಮತ್ತೆ ಇನ್ನೊಂದು. ನನ್ನ ಕಿಟಕಿ ಅವರ ಅಡುಗೆಮನೆಯ ಮೇಲೆಯೇ ಇದ್ದದ್ದರಿಂದ ಕೇಳಿಸಿತು. ಹಿಂಬಾಗಿಲಿನಿಂದ ಓಡಿ ಒಳಗೆ ಹೋದರೆ ಆಂಟಿ ಸಿಂಕಿನ ಕಟ್ಟೆ ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದರು. ಕೂಗಲು ಆಗದೆ ಪಾತ್ರೆಗಳನ್ನು ತಳ್ಳಿ ಬೀಳಿಸಿದ್ದರು. ಹಾಲಿನಲ್ಲಿ ಅಂಕಲ್ ಬೆನ್ನು ಹಾಕಿ ಮಂಡಿಯೂರಿಕೊಂಡು, ಹೆಂಡತಿಗಾಗಿ ಸೋಫಾ ಅಡಿಯ ಧೂಳು ತೆಗೆಯುತ್ತಿದ್ದರು. ಇನ್ಹೇಲರ್ ಕೊಟ್ಟು, ಆಂಟಿಯನ್ನು ಕೂರಿಸಿ, ಮೆಷಿನ್ ಆರಿಸಿ ಅವರನ್ನು ಕರೆದೆ. ಬಂದು ನೋಡಿದವರು ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು. "ಇವಳ ಉಸಿರೇ ಕೇಳಿಸ್ದೆ ಇರೋ ಮೆಷಿನ್ ಯಾತಕ್ಕಮ್ಮ?" ಎಂದರು. ಬಾಯಿ ಜೋರಿನ ಆ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮುಂದಿನ ವಾರ ಗಾರೆಯವರನ್ನು ಕರೆಸಿ ಹಿಂದಿನ ಗೋಡೆ ಕೊರೆಸಿದರು. ಮೋಟರು, ಡ್ರಮ್ಮು, ಆಲಿಕೆ ಎಲ್ಲ ಹಿತ್ತಲಿಗೆ ಹೋದವು. ಗೋಡೆಯ ಬುಡದಲ್ಲಿ ಪಿವಿಸಿ ಪೈಪು ಹಾಯಿಸಿ ಕೋಣೆಗೊಂದು ಮುಚ್ಚಳದ ಕಂಡಿ ಇಟ್ಟರು. ಎಲ್ಲಿ ಬೇಕೋ ಅಲ್ಲಿ ಕೈಪೈಪು ಸಿಕ್ಕಿಸಿದರೆ ಆಯಿತು. ಧೂಳೂ ಆಚೆ, ಸದ್ದೂ ಆಚೆ. ಆ ಆಚೆ ಎನ್ನುವುದು ನನ್ನ ಅಡುಗೆಮನೆ ಕಿಟಕಿಯ ಕೆಳಗೇ ಇತ್ತು ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ. ನಾನು ಜಗಳವಾಡಿದೆ. ಎರಡು ದಿನ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಮೋಟರಿಗೆ ಮರದ ಪೆಟ್ಟಿಗೆ ಮಾಡಿಸಿ ಒಳಗೆಲ್ಲ ತೆಂಗಿನ ನಾರಿನ ಹಾಸು ಹೊಡೆಸಿದರು. "ಈಗ ಹೇಳು, ಏನಾದ್ರೂ ಕೇಳಿಸತ್ತಾ?" ಎಂದು ಕೆಳಗಿನಿಂದ ಕೂಗಿದರು. ಅವರ ಕೂಗು ಮಾತ್ರ ಕೇಳಿಸಿತು.

ಅವರ ಅಣ್ಣನ ಮಗ ಒಮ್ಮೆ ಮೊಬೈಲಿನಲ್ಲಿ ಒಂದೊಂದೇ ತೋರಿಸಿದ. ನೀರಿನ ಡ್ರಮ್ಮು, ಗಾಳಿ ತಿರುಗುವ ಆಲಿಕೆ, ಗೋಡೆಯೊಳಗಿನ ಪೈಪು ಎಲ್ಲವನ್ನೂ ಹೊರದೇಶದವರು ಯಾವತ್ತೋ ಮಾಡಿ ಮಾರುತ್ತಿದ್ದರು. ನನಗೆ ಆ ಹುಡುಗನ ಮೇಲೆ ಸಿಟ್ಟೇ ಬಂತು. ಅಂಕಲ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಹಂಗಾದ್ರೆ ನಾನು ದಾರಿ ತಪ್ಪಿಲ್ಲ" ಎಂದು ಮೊಬೈಲ್ ವಾಪಸ್ ಕೊಟ್ಟರು. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

ಅವರು ಸೋತದ್ದೆಂದರೆ ಆಂಟಿಯ ಮುಂದೆ ಮಾತ್ರ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎಂಬುದು ಆಂಟಿಯ ನಿಯಮ. ಇವರು ಬೇಕೆಂದೇ ಮುಸ್ಸಂಜೆಯಲ್ಲಿ ಪೈಪು ಕೈಗೆತ್ತಿಕೊಳ್ಳುತ್ತಿದ್ದರು.

"ಇದು ಪೊರಕೆ ಅಲ್ಲ ಕಣೇ. ಪೊರಕೆ ಆಚೆ ತಳ್ಳತ್ತೆ, ಇದು ಒಳಗೆ ಎಳ್ಕೊಳ್ಳತ್ತೆ. ಲಕ್ಷ್ಮಿ ಆಚೆ ಹೋಗೋ ಪ್ರಶ್ನೇನೇ ಇಲ್ಲ."

"ಹಾಗಾದ್ರೆ ಲಕ್ಷ್ಮಿ ನಿಮ್ಮ ಪೇಂಟ್ ಡಬ್ಬದಲ್ಲಿ ಕೂತಿರ್ಬೇಕೇನು? ಇಡಿ ಕೆಳಗೆ."

ಇಡುತ್ತಿದ್ದರು. ಇನ್ನೊಂದು ನಿಯಮ ಇದಕ್ಕಿಂತ ಬಿಗಿ. ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರು ತಲುಪುವ ತನಕ ನೆಲಕ್ಕೆ ಪೊರಕೆಯಾಗಲಿ ಮೆಷಿನ್ನಾಗಲಿ ತಾಕುವಂತಿಲ್ಲ; ಹೋದವರನ್ನೇ ಗುಡಿಸಿ ಹಾಕಿದ ಹಾಗಾಗುತ್ತದೆ. ಬಾಡಿಗೆಯವಳಾದ ನನಗೂ ಅದು ಅನ್ವಯಿಸುತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗಿ ಬಸ್ಸಿಳಿಯುವಷ್ಟರಲ್ಲಿ ಅಂಕಲ್ ಫೋನು ಬರುತ್ತಿತ್ತು: "ತಲುಪಿದ್ಯಾ? ತಲುಪಿದೀನಿ ಅಂತ ಅವಳಿಗೆ ಹೇಳಮ್ಮ, ನಾನು ಪೈಪು ಹಿಡ್ಕೊಂಡು ಕಾಯ್ತಾ ಇದೀನಿ."

ಈಚೆಗೆ ನಮ್ಮ ರಸ್ತೆಗೆ ಕಾಂಕ್ರೀಟು ಹಾಕಲು ಬಂದರು. ಅಗೆದು ಹಾಕಿ ಅರ್ಧಕ್ಕೆ ಬಿಟ್ಟರು. ಸಿಮೆಂಟಿನ ಪುಡಿ ಮುಚ್ಚಿದ ಕಿಟಕಿಯೊಳಗೂ ಬಂತು. ಅಂಕಲ್ ಬೆಳಗ್ಗೆ ಸಂಜೆ ನೆಲದ ಮೇಲೇ. ಅಂಥ ಒಂದು ಬೆಳಗ್ಗೆ ಡ್ರಮ್ಮಿನ ಮುಚ್ಚಳ ತೆಗೆಯುತ್ತಿದ್ದವರು ಎದೆ ಹಿಡಿದುಕೊಂಡು ಹಿತ್ತಲಲ್ಲೇ ಕೂತರು. ಅಣ್ಣನ ಮಗನೂ ನಾನೂ ಸೇರಿ ಆಸ್ಪತ್ರೆಗೆ ಸೇರಿಸಿದೆವು. ಆಟೋ ಹತ್ತುವಾಗಲೂ ಅವರು ಗೇಟಿನಲ್ಲಿ ನಿಂತಿದ್ದ ಆಂಟಿಗೆ, "ಒಳಗೆ ಹೋಗು, ಧೂಳಿದೆ" ಎಂದರು.

ಆಂಟಿ ಆ ದಿನದಿಂದ ಕಸ ಗುಡಿಸಲು ಬಿಡಲಿಲ್ಲ. ಕೆಲಸದವಳನ್ನು ಬಾಗಿಲಿಂದಲೇ ಕಳಿಸಿದರು. ಕೆಂಪು ನೆಲ ಬೂದು ಬಣ್ಣಕ್ಕೆ ತಿರುಗಿತು. ನಡೆದರೆ ಹೆಜ್ಜೆ ಮೂಡುತ್ತಿತ್ತು. ಉಬ್ಬಸ ಏರಿತು. ಆಸ್ಪತ್ರೆಗೆ ಹೋಗುವ ತ್ರಾಣವೂ ಉಳಿಯದೆ ನೆಬ್ಯುಲೈಸರ್ ಹಿಡಿದುಕೊಂಡು ಮಂಚದ ಮೇಲೆ ಕೂತರು.

"ಆಂಟಿ, ನಿಮ್ಮ ದಮ್ಮಯ್ಯ, ಮೆಷಿನ್ ಹಾಕ್ತೀನಿ. ಅದು ಪೊರಕೆ ಅಲ್ಲ ಅಂತ ಅವರೇ ಹೇಳ್ತಿರ್ಲಿಲ್ವಾ?"

"ಎರಡೂ ಒಂದೇ. ಅವರು ಮನೆಗೆ ಬರ್ಲಿ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡು, "ಅವರು ಕೇಳಿದ್ರೆ, ದಿನಾ ಹಾಕಿಸ್ತಿದೀನಿ ಅಂತ ಹೇಳು" ಎಂದರು.

ಹಾಗೇ ಹೇಳಿದೆ. ಅಂಕಲ್ ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದರು. "ಒಪ್ಪಿದ್ಲಾ?" ಎಂದು ಮುಖ ಅರಳಿಸಿದರು. ಮರುಕ್ಷಣ ಹುಬ್ಬು ಗಂಟಿಕ್ಕಿತು. "ಡ್ರಮ್ಮಿನ ಮುಚ್ಚಳದ ರಬ್ಬರ್ ಹರಿದಿದ್ಯಲ್ಲಮ್ಮ. ಅದಕ್ಕೇ ಅವತ್ತು ತೆಗೀತಿದ್ದೆ. ಅದಿಲ್ದೆ ಮೆಷಿನ್ ಎಳೆಯೋದೇ ಇಲ್ಲ."

ನಮ್ಮ ಸುಳ್ಳು ಸಿಕ್ಕಿಬಿತ್ತು. ಅವರು ನಗಲು ಹೋದರು, ಕಣ್ಣು ತುಂಬಿ ಬಂತು. "ಅವಳ ಉಸಿರು ಹೆಂಗಿದೆ? ನಿಜ ಹೇಳು."

ನಿಜ ಹೇಳಿದೆ.

"ನಾನು ಹೊರಟಿದ್ದು ಆಸ್ಪತ್ರೆಗೆ. ಆಸ್ಪತ್ರೆ ಸೇರಿ ಆಯ್ತು. ತಲುಪಿದೀನಿ ಅಂತ ಹೇಳು, ಅವಳ ಶಾಸ್ತ್ರದ ಪ್ರಕಾರಾನೇ ಗುಡಿಸ್ಬೋದು. ಮೆಷಿನ್ನೇ ಆಗ್ಬೇಕು ಅಂತಿಲ್ಲ. ಒದ್ದೆ ಬಟ್ಟೇಲಿ ಒರೆಸ್ಲಿ, ಪೊರಕೇನೇ ಹಾಕ್ಲಿ. ನಾನು ಸೋತೆ ಅಂತ ಹೇಳಮ್ಮ."

ಆ ಹಟಮಾರಿಯ ಮಾತನ್ನು ಮನೆಗೆ ಬಂದು ಆಂಟಿಗೆ ಅಕ್ಷರಶಃ ಒಪ್ಪಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರು ಹೊರಟಿದ್ದು ಆಸ್ಪತ್ರೆಗಲ್ಲ. ವಾಸಿ ಮಾಡ್ಕೊಂಡು ಮನೆಗೆ ಬರೋಕೆ ಹೊರಟಿದ್ದು. ಇನ್ನೂ ತಲುಪಿಲ್ಲ" ಎಂದರು.

ಮಾರನೆಯ ದಿನ ನಾನು ಕೆಲಸ ಮಾಡುವ ಬಸವನಗುಡಿಯ ಕಾಲೇಜಿನ ಲೈಬ್ರರಿಗೆ ಅರ್ಧ ದಿನ ರಜೆ ಹಾಕಿ ಕಾಟನ್‌ಪೇಟೆಗೆ ಹೋದೆ. ಹಳೆಯ ರಬ್ಬರ್ ತೋರಿಸಿ ಅಂಥದ್ದೇ ತಂದೆ. ಆಸ್ಪತ್ರೆಗೆ ಹೋಗಿ ಹೇಗೆ ಕೂರಿಸಬೇಕೆಂದು ಕೇಳಿದೆ. ಅಂಕಲ್ ತಮ್ಮ ಬೆರಳಿನಿಂದ ನನ್ನ ಅಂಗೈ ಮೇಲೆ ಗುಂಡಗೆ ಬರೆದು ತೋರಿಸಿದರು. "ಎಳೀಬೇಡ. ಒತ್ತು. ತಾನೇ ಕೂತ್ಕೊಳ್ಳತ್ತೆ." ಹಿತ್ತಲಲ್ಲಿ ಕೂತು ಹಾಗೇ ಮಾಡಿದೆ, ಕೂತುಕೊಂಡಿತು. ಸರಿಹೋಯಿತು ಎಂದು ಫೋನು ಮಾಡಿ ಹೇಳಿದಾಗ "ಭೇಷ್" ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದರು.

ಅವರನ್ನು ತಂದು ಹಾಲಿನ ಆ ಬೂದು ನೆಲದ ಮೇಲೇ ಚಾಪೆ ಹಾಸಿ ಮಲಗಿಸಿದರು. ಬಂದವರೆಲ್ಲ ಧೂಳು ನೋಡಿ ಮುಖ ಮುಖ ನೋಡಿಕೊಂಡರು. ಸಿಟ್ಟು ಬಂದರೂ ಯಾರಿಗೆ ಏನೆಂದು ಬಿಡಿಸಿ ಹೇಳಲಿ? ಹೆಣ ಹೊರಟ ಕೂಡಲೇ ಮನೆ ತೊಳೆಯಬೇಕಷ್ಟೆ. ಅಂಕಲ್‌ರ ಅಕ್ಕ ಬಕೆಟ್ಟು, ಪೊರಕೆ ಸಿದ್ಧ ಮಾಡಿಕೊಂಡು ನಿಂತಿದ್ದರು. ಅಂಕಲನ್ನು ಎತ್ತಿಕೊಂಡು ಹೋದದ್ದೇ ಅಕ್ಕ ಪೊರಕೆ ಎತ್ತಿದರು, ಆಂಟಿ ಎದ್ದು ಬಂದು ಅಡ್ಡ ನಿಂತರು.

"ಈಗ ಬೇಡಿ ಅತ್ತಿಗೆ."

"ಏನಮ್ಮಾ ಇದು, ಸೂತಕದ ಮನೆ. ತೊಳೀದೆ ಇರೋಕಾಗತ್ತಾ?"

"ತೊಳೀರಿ. ಅವರು ತಲುಪಲಿ."

ಹೆಂಗಸರೆಲ್ಲ ಗೋಡೆಗೊರಗಿ ಕೂತರು. ಒಬ್ಬಿಬ್ಬರು ಗೊಣಗಿದರು, ಬಕೆಟ್ಟಿನ ನೀರು ಹಾಗೇ ಇತ್ತು. ಆಂಟಿ ಹೊಸಲಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದರು. ಅವರ ಉಸಿರಿನ ಸೀಟಿ ನನಗೆ ಕೇಳಿಸುತ್ತಿತ್ತು. ಎಷ್ಟು ಹೊತ್ತಾಯಿತೋ, ನನ್ನ ಫೋನು ಬಡಿದುಕೊಂಡಿತು. ಬನಶಂಕರಿಯ ಚಿತಾಗಾರದಿಂದ ಅಣ್ಣನ ಮಗ. "ತಲುಪಿದ್ವಿ ಅಂತ ಚಿಕ್ಕಮ್ಮನಿಗೆ ಹೇಳಿ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಆಂಟಿ ನನ್ನ ಮುಖ ನೋಡಿ ತಿಳಿದುಕೊಂಡರು. "ಹೋಗಮ್ಮ, ಸ್ವಿಚ್ ಹಾಕು" ಎಂದರು.

ಹಿತ್ತಲಿನಲ್ಲಿ ಮೋಟರು ಮೆಲ್ಲಗೆ ಗುಂಯ್ ಎಂದಿತು. ಆಂಟಿ ಮೊಳೆಗೆ ನೇತುಹಾಕಿದ್ದ ಕೈಪೈಪು ತೆಗೆದು, ತಾವೇ ಗೋಡೆಯ ಕಂಡಿಗೆ ಸಿಕ್ಕಿಸಿದರು. ಅವರು ಅದನ್ನು ಕೈಯಲ್ಲಿ ಹಿಡಿದದ್ದು ನಾನು ಕಂಡಂತೆ ಅದೇ ಮೊದಲು. ಅಂಕಲ್ ಅಕ್ಕ ಬಕೆಟ್ಟು ಪಕ್ಕಕ್ಕೆ ಸರಿಸಿದರು. ಅಂಕಲ್‌ರ ತಲೆ ಇದ್ದ ಜಾಗದಲ್ಲಿ ಸೇವಂತಿಗೆಯ ಎಸಳು, ಬಾಯಿಗೆ ಹಾಕುವಾಗ ಚೆಲ್ಲಿದ ಅಕ್ಕಿ ಕಾಳು ಬಿದ್ದಿದ್ದವು. ಆಂಟಿ ಅದರ ಮುಂದೆ ಮಂಡಿಯೂರಿ ಕೂತರು. ಒಂದೊಂದೇ ಕಾಳು ಪೈಪಿನೊಳಗೆ ಹೋಗುವುದನ್ನು ನೋಡುತ್ತ, ಎಲ್ಲರೆದುರು ದನಿ ತೆಗೆದು ಅತ್ತರು.