ಹುಳುಮನೆಯ ಹಸಿರು ಕಿಟಕಿಗಳು

ಒಂದು ಜಡೆ ಮುಗಿದಿದೆ. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿರುವಾಗಲೇ ಫೋನ್ ಬಡಿದುಕೊಳ್ಳುತ್ತದೆ. ದಿಬ್ಬೂರಹಳ್ಳಿಯ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಂತಕುಮಾರಿ ಬಾಚಣಿಗೆಯನ್ನು ಮಗಳ ಕೈಗಿಟ್ಟು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ರಸ್ತೆಯಾಚೆಯ ಹುಳುಮನೆಯತ್ತ ಹೆಜ್ಜೆ ಹಾಕುತ್ತಾರೆ. ಒಂಟಿ ಜಡೆಯ ಧನುಶ್ರೀ ಹಿಂದೆಯೇ ಓಡುತ್ತಾಳೆ.

"ಶಾಂತಮ್ಮ, ನನ್ನ ಹುಳ ಇವತ್ತು ಕೊಡ್ತೀಯೋ, ನಾಳೇನೋ? ಸೊಪ್ಪು ಕುಯ್ಯಕ್ಕೆ ಆಳು ಬಂದು ಕುಂತವ್ರೆ." ಆ ಕಡೆಯಿಂದ ಪೆರೇಸಂದ್ರದ ರೈತ ಬಯ್ಯಪ್ಪ.

"ಇರಿ ಬಯ್ಯಪ್ಪಣ್ಣ, ನೋಡಿ ಹೇಳ್ತೀನಿ. ನಿಮ್ಮ ಅವಸರಕ್ಕೆ ಹುಳ ಜ್ವರದಿಂದ ಏಳ್ತದಾ?"

ಇದು ಆವಲಪ್ಪ ಎಂಬವರ ಚಾಕಿ ಸಾಕಣೆ ಕೇಂದ್ರ. ರೇಷ್ಮೆ ಮೊಟ್ಟೆ ಒಡೆದು ಬಂದ ಮರಿಹುಳುಗಳನ್ನು ಕೂಸಿನಂತೆ ಸಾಕಿ, ಎರಡನೆಯ ಸಲ ಪೊರೆ ಬಿಟ್ಟ ಮೇಲೆ ರೈತರಿಗೆ ಕೊಡುವ ಜಾಗ. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಸುಮ್ಮನೆ ಕೂರುತ್ತದೆ. ಅದನ್ನೇ ಇಲ್ಲಿಯವರು ಜ್ವರ ಎನ್ನುತ್ತಾರೆ. ಯಾರ ಹುಳು ಯಾವಾಗ ಜ್ವರಕ್ಕೆ ಕೂತಿತು, ಯಾವಾಗ ಎದ್ದಿತು ಎಂಬ ಲೆಕ್ಕ ಅರ್ಧ ದಿನ ತಪ್ಪಿದರೂ ರೈತನ ಒಂದು ಬೆಳೆ ಏರುಪೇರಾಗುತ್ತದೆ. ಆ ಲೆಕ್ಕವೆಲ್ಲ ಮುಂದಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿದೆ. ಅದನ್ನು ನಡೆಸುವವರೂ ಕೆಟ್ಟರೆ ರಿಪೇರಿ ಮಾಡುವವರೂ ಶಾಂತಕುಮಾರಿಯೇ.

ಬಾಗಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ ಒಳಗೆ ಬರುತ್ತಾರೆ. ಪರದೆಗೆ ಹೊದಿಸಿದ ಟವೆಲನ್ನು ತೆಗೆಯುತ್ತಾರೆ. ಕಪ್ಪು ಪರದೆ, ಹಸಿರು ಅಕ್ಷರ, ನಡುವೆ ಒಂದು ಪುಟ್ಟ ಚೌಕಟ್ಟು. ಚಿತ್ರವಿಲ್ಲ, ಮೌಸ್ ಇಲ್ಲ, ಎಲ್ಲವೂ ಕೀಲಿಮಣೆಯಿಂದಲೇ. ಅವರು ಒಂದು ಕೀ ಒತ್ತುತ್ತಾರೆ. ಚೌಕಟ್ಟು ಮಾಯವಾಗಿ ಅದರಡಿಯಲ್ಲಿದ್ದ ಹೆಸರುಗಳು ಎದ್ದು ಬರುತ್ತವೆ. ಬಯ್ಯಪ್ಪನ ಹೆಸರಿನ ಮೇಲೆ ಅಂಥದೇ ಇನ್ನೊಂದು ಚೌಕಟ್ಟು, ಇವರ ಮಾತಿನಲ್ಲಿ ಕಿಟಕಿ, ತೆರೆಯುತ್ತದೆ, ಅದರ ಮೇಲೆ ಮತ್ತೊಂದು.

"ನಾಳೆ ಬೆಳಿಗ್ಗೆ ಕೊಡ್ತೀವಿ, ಅಣ್ಣ. ಆಳಿಗೆ ಕಾಫಿ ಕೊಟ್ಟು ಕಳಿಸಿ."

ಅಕ್ಷರದ ಕಿಟಕಿಗಳ ಗುಟ್ಟನ್ನು ಅವರು ಹುಳು ಸಾಕುವ ತಟ್ಟೆಗಳನ್ನು ತೋರಿಸಿ ಹೇಳುತ್ತಾರೆ. "ತಟ್ಟೆ ಮೇಲೆ ತಟ್ಟೆ ಪೇರಿಸಿರ್ತೀವಲ್ಲ, ಹಂಗೇ ಇದು. ಹೊಸಾ ಕಿಟಕಿ ತೆಗೆಯೋ ಮೊದಲು ಅಡೀಲಿರೋದನ್ನೆಲ್ಲ ಜೋಪಾನವಾಗಿ ಎತ್ತಿಟ್ಕೋಬೇಕು. ಮುಚ್ಚಿದಾಗ ಎಲ್ಲಿತ್ತೋ ಅಲ್ಲೇ ಇಡಬೇಕು. ಮೇಲಿನದು ಇಳಿಸದೆ ಕೆಳಗಿನದು ಎಳೆದ್ರೆ ಎಲ್ಲಾ ಚೆಲ್ಲೋಗ್ತದೆ."

ಹಾಗೆ ಚೆಲ್ಲಿಹೋದದ್ದೂ ಉಂಟು. ಕೆಲಸ ಹೊಸತಿದ್ದಾಗ ಅವರು ಕಿಟಕಿಯೊಂದನ್ನು ಕ್ರಮ ತಪ್ಪಿಸಿ ಮುಚ್ಚಿದರು. ಕೆಳಗಿನ ಹೆಸರು ಅಳಿಸದೆ ಉಳಿದು, ಬಯ್ಯಪ್ಪನ ಹುಳು ಬೇರೊಬ್ಬರ ಗಾಡಿ ಹತ್ತಿತು. "ನಾನು ಸಾಕಬೇಕಾದ ಮಗಳನ್ನ ಹೇಳದೆ ಕೇಳದೆ ಧಾರೆ ಎರೆದು ಕಳಿಸ್ಬಿಟ್ಯಲ್ಲಮ್ಮ" ಎಂದು ಬಯ್ಯಪ್ಪ ಕೇಂದ್ರದ ಮುಂದೆ ನಿಂತು ಕೂಗಾಡಿದ್ದರು. ಈಗಲೂ ಹುಳು ಒಯ್ಯಲು ಬಂದಾಗ "ಹುಡುಗಿ ನಮ್ಮದೇ ತಾನೇ?" ಎಂದು ಕೇಳದೆ ಇರುವುದಿಲ್ಲ.

ಈ ಕಿಟಕಿಗಳನ್ನು ಬರೆದವರು ಶಾಂತಕುಮಾರಿಯ ಗಂಡ ಕನಕರಾಜ್. ಚಿಂತಾಮಣಿಯಲ್ಲಿ ಕಂಪ್ಯೂಟರ್ ಕಲಿತು ಬಂದು ಇದೇ ಕೋಣೆಯಲ್ಲಿ ಕೂತು ಬರೆದರು. ಆಗ ಶಾಂತಕುಮಾರಿ ಒಳಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಆ ಪರದೆಯಲ್ಲಿ ಕನ್ನಡದ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಕನಕರಾಜ್ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರು, ಅದೂ ತಾವು ಮಾತನಾಡುವ ಹಾಗೆಯೇ. ತಪ್ಪು ತಾರೀಖು ಕೊಟ್ಟರೆ 'ಇನ್ನೊಂದ್ಸಲ ನೋಡಮ್ಮ' ಎನ್ನುತ್ತದೆ ಪರದೆ. ಕೆಲಸ ಮುಗಿಸಿ ಹೊರಡುವಾಗ ಕೊನೆಯ ಪುಟ್ಟ ಕಿಟಕಿ ತೆರೆದು ಕೇಳುತ್ತದೆ: 'ಹೋಗ್ಬರ್ಲಾ?' ಅದರಡಿಯಲ್ಲಿ ಹೌದು, ಇಲ್ಲ.

ಧನುಶ್ರೀ ಎಳೆಗೂಸಾಗಿದ್ದಾಗ ಒಂದು ಬೆಳಿಗ್ಗೆ ಕನಕರಾಜ್ ಹುಳು ತಲುಪಿಸಲು ಗಾಡಿಯಲ್ಲಿ ಹೋದರು. ಹೆದ್ದಾರಿಯಲ್ಲಿ ಅಪಘಾತವಾಯಿತು. ಮನೆಗೆ ಮರಳಲಿಲ್ಲ.

"ನಾನು ಬಚ್ಚಲಲ್ಲಿ ಮಗೂಗೆ ನೀರು ಹಾಕ್ತಿದ್ದೆ. ಹೊಸ್ತಿಲ ಹತ್ರ ನಿಂತು ಹೋಗ್ಬರ್ಲಾ ಅಂದ್ರು. ನಾನು ಹ್ಞೂಂ ಅಂದ್ನೋ ಇಲ್ವೋ, ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರ್ತಾ ಇಲ್ಲ."

ಕನಕರಾಜ್ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಷ್ಟೇ ಬಂಡವಾಳ. ಉಳಿದದ್ದನ್ನು ಕೆಡಿಸಿ ಕೆಡಿಸಿಯೇ ಕಲಿತರು. ಆದರೆ ಕೊನೆಯ ಕಿಟಕಿಗೆ ಅವರು ಇಂದಿನವರೆಗೆ 'ಹೌದು' ಒತ್ತಿಲ್ಲ. ಸಂಜೆ ಆ ಪ್ರಶ್ನೆಯನ್ನು ತೆರೆದು, ಉತ್ತರಿಸದೆ, ಒಗೆದ ಟವೆಲ್ ಹೊದಿಸಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದು 'ಇಲ್ಲ' ಒತ್ತಿ ಕೆಲಸ ಶುರು ಮಾಡುತ್ತಾರೆ. ಕರೆಂಟು ಹೋಗಿ ಬ್ಯಾಟರಿಯೂ ಸೋತ ದಿನ ಯಂತ್ರ ತಾನಾಗಿ ಆರಿಬಿಡುತ್ತದೆ. ಮಾರನೆಯ ದಿನ ಅಲ್ಲೊಂದು ಇಲ್ಲೊಂದು ಹರಿದ ಚೌಕಟ್ಟು, ಕದಡಿದ ಹೆಸರು. ಅವನ್ನೆಲ್ಲ ಒಂದೊಂದಾಗಿ ಜೋಡಿಸಿ ಸರಿ ಮಾಡುವುದು ಅವರಿಗೆ ಬೇಸರವಲ್ಲ. "ಒಂದು ಕೀ ಒತ್ತಿದ್ರೆ ತಪ್ಪೋ ಕೆಲಸಾನ ಹಿಂಗೆ ಮೈಮೇಲೆ ಎಳ್ಕೋತೀಯಲ್ಲಮ್ಮಾ" ಎಂದು ಆವಲಪ್ಪ ಗೊಣಗುತ್ತಾರೆಯೇ ಹೊರತು ಬಲವಂತ ಮಾಡಿದವರಲ್ಲ.

ಇವತ್ತು ಮಾತ್ರ 'ಹೌದು' ಒತ್ತಲೇಬೇಕು. ಆವಲಪ್ಪನವರ ಮಗಳು ಮೌನಿಕಾ ಕೇಂದ್ರದ ಲೆಕ್ಕವನ್ನೆಲ್ಲ ಫೋನಿಗೆ ತರುತ್ತಿದ್ದಾಳೆ. ಇನ್ನು ಮುಂದೆ ರೈತರಿಗೆ ಅವರವರ ಹುಳುವಿನ ಸುದ್ದಿ ಅವರವರ ಕೈಯಲ್ಲೇ ಸಿಗುತ್ತದೆ. ಒಳ್ಳೆಯದೇ ಎನ್ನುತ್ತಾರೆ ಶಾಂತಕುಮಾರಿ. ಹೊಸದನ್ನು ಆಗಲೇ ಅರ್ಧ ಕಲಿತಿದ್ದಾರೆ ಕೂಡ. ಆದರೆ ಹಳೆಯ ಲೆಕ್ಕ ಒಂದೂ ಬಿಡದಂತೆ ಹೊರಗೆ ಬರಬೇಕಾದರೆ ಹಳೆಯ ಯಂತ್ರವನ್ನು ಒಮ್ಮೆ ಕ್ರಮವಾಗಿ ಮುಚ್ಚಬೇಕು. 'ಹೌದು' ಎಂದರೆ ಮಾತ್ರ ಅದು ಎಲ್ಲವನ್ನೂ ಬರೆದಿಟ್ಟು ಆರುತ್ತದೆ. ಆಮೇಲೆ ಅದನ್ನು ಯಾರೂ ಹಚ್ಚುವುದಿಲ್ಲ.

"ಶಾಂತಕ್ಕ, ಕ್ಲೋಸ್ ಮಾಡಿಟ್ಟಿರಿ, ಲೆಕ್ಕ ತಗೊಂಡು ಹೋಗೋಕೆ ಹೊರಟೆ," ಎಂದು ಮೌನಿಕಾ ಫೋನ್ ಮಾಡುತ್ತಾಳೆ.

"ಹ್ಞೂಂ ಕಣಮ್ಮ."

ಕಿಟಕಿಗಳು ಮೇಲಿನಿಂದ ಒಂದೊಂದಾಗಿ ಮುಚ್ಚುತ್ತವೆ. ಕೊನೆಗೆ ಆ ಪುಟ್ಟದು ತೆರೆಯುತ್ತದೆ. ಶಾಂತಕುಮಾರಿಯ ಬೆರಳು ಕೀಲಿಯ ತನಕ ಹೋಗಿ ನಿಲ್ಲುತ್ತದೆ. ಮಗಳನ್ನು ಹತ್ತಿರ ಎಳೆದು, ತಮ್ಮ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಉಳಿದ ಜಡೆಗೆ ಕೂದಲನ್ನು ಮತ್ತೆ ಮೂರು ಪಾಲು ಮಾಡುತ್ತಾರೆ. ಹೆಣೆಯುವ ಕೈ ಎಂದಿಗಿಂತ ನಿಧಾನ.

ಧನುಶ್ರೀಯ ಮುಖ ಪರದೆಯ ಕಡೆಗಿದೆ. ಅವಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಂದು ಬಹಳ ಕಾಲವಾಗಿದೆ. ಸಂಜೆ ಸಂಜೆ ಈ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು, ಅಮ್ಮ ಟವೆಲ್ ಹೊದಿಸುವುದನ್ನು ನೋಡಿ, ಏನೋ ಕೇಳಬೇಕೆನ್ನಿಸಿದರೂ ಅವರ ಹಿಂದೆ ಮನೆಗೆ ನಡೆದಿದ್ದಾಳೆ. ಇವತ್ತು ಬೆನ್ನು ತಿರುಗಿಸಿ ನಿಂತಿರುವುದರಿಂದಲೋ ಏನೋ, ಮಾತು ಹೊರಗೆ ಬರುತ್ತದೆ.

"ಅಮ್ಮಾ, ಅಪ್ಪ ದಿನಾ ಕೇಳ್ತಾನೇ ಇರ್ತಾರಲ್ಲ. ನಾವು ಹೋಗ್ಬನ್ನಿ ಅನ್ನೋದು ಯಾವಾಗ?"