ಎದೆಯ ಯಂತ್ರಕ್ಕೆ ಅಮಾಸಿ ರಜೆ

ಡಿಸ್ಟೋನಿಯಾ ಎಂಬ, ಮೈ ತಾನಾಗೇ ತಿರುಚಿಕೊಳ್ಳುವ ನರರೋಗ ಇದ್ದವರ ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿಯ ಯಂತ್ರ ಕೂಡಿಸುತ್ತಾರೆ. ಅದು ಕಳಿಸುವ ಕರೆಂಟು ಸರಿಯಿದೆಯೇ ಅಂತ ನೋಡುವುದು ನನ್ನ ಕೆಲಸ. ಹಾಗೆ ಒಮ್ಮೆ ರಬಕವಿಗೆ ಹೋಗಿದ್ದೆ, ಸೀರೆ ನೇಯುವ ಶಾಂತಕ್ಕನ ಮನೆಗೆ. ಆಪರೇಷನ್ನಿಗೆ ಮೊದಲು ಆಕೆಯ ಕುತ್ತಿಗೆ ತಾನಾಗೇ ತಿರುಚಿ ಎಡ ಹೆಗಲಿಗೆ ಅಂಟಿಕೊಳ್ಳುತ್ತಿತ್ತಂತೆ. ಈಗ ನೆಟ್ಟಗೆ ಕೂತು ಮಗ್ಗ ನಡೆಸುತ್ತಿದ್ದಳು.

ಯಂತ್ರದ ದಾಖಲೆಯನ್ನು ಟ್ಯಾಬಿನಲ್ಲಿ ತೆರೆದರೆ, ಅದು ತಿಂಗಳಿಗೊಮ್ಮೆ ಇಡೀ ದಿನ ಬಂದ್ ಆಗಿತ್ತು. ಕೆಟ್ಟಿರಬೇಕು ಅಂದೆ.

"ಕೆಟ್ಟಿಲ್ರಿ, ನಾನಽ ರಿಮೋಟ್ ಒತ್ತಿ ಬಂದ್ ಮಾಡತೇನಿ," ಅಂದಳು ಶಾಂತಕ್ಕ. "ಅಮಾಸಿಗೆ ಮಗ್ಗಕ್ಕ ಬಿಡುವು ಕೊಡತೇವಿ. ಇದೂ ದುಡಿಯೋ ಮಷೀನಽ ಅಲ್ರೀ?"

"ಅವತ್ತ ಕುತ್ತಿಗಿ ತಿರುಗಂಗಿಲ್ಲೇನ್ರಿ?"

"ತಿರಗತೈತ್ರಿ. ಸಂಜಿ ಆಗೂದ್ರಾಗ ನೀರ ಕುಡಿಯಾಕೂ ಬರಂಗಿಲ್ಲ. ತಿಂಗಳೆಲ್ಲ ಅದು ನನ್ನ ಸಂಭಾಳಸತೈತಿ, ಒಂದಿನ ನಾ ತಡಕೋತೇನಿ."

ನನಗೆ ಸಿಟ್ಟೇ ಬಂತು. ಹಾಗೆ ಏಕಾಏಕಿ ನಿಲ್ಲಿಸಿದರೆ ಉಸಿರಿಗೇ ಕುತ್ತು ಬರಬಹುದು ಅಂದೆ. "ನಿಮ್ಮ ಗುಂಡಿಗಿಗೂ ಅಮಾಸಿ ರಜಾ ಕೊಡತೀರೇನು?"

ಆಕೆ ಎದೆಯ ಮೇಲೆ ಕೈಯಿಟ್ಟು ಚರ್ಮದಡಿಯ ಯಂತ್ರವನ್ನು ಸವರಿದಳು. ಆಮೇಲೆ, "ಆತ್ರಿ, ಬಂದ್ ಮಾಡಂಗಿಲ್ಲ. ಬರೇ ಕುಂಕುಮ ಹಚ್ಚತೇನಿ," ಅಂದಳು.

ಯಂತ್ರ ನಿಂತ ಕಾರಣವನ್ನು ವರದಿಯಲ್ಲಿ ಬರೆಯಬೇಕಿತ್ತು. "ಅಮಾವಾಸ್ಯೆ ರಜೆ" ಅಂತ ಬರೆದೆ. ಅದರ ರಜೆ ರದ್ದು ಮಾಡಿ ಬಂದ ನಾನು ಆ ವರದಿ ಬರೆಯುತ್ತ ಕೂತದ್ದು ಒಂದು ಭಾನುವಾರ.